ತಂತಿ ಕಟ್ಟಿದ ಬಾಯಿ

"ಕೊನೆಯ ತಂತಿ ಕೊಡು," ಎಂದರು ಡಾಕ್ಟರ್ ಗೌರೀಶಂಕರ.

ನರ್ಸ್ ಲೋಲಾಕ್ಷಿ ಕೊಟ್ಟಳು.

ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ ಬಾಯಿ ಒಪ್ಪಿಸಿ ಕೂತವನು ಮೇದಪ್ಪ. ಸುಳ್ಯದ ಕಡೆಯವನು, ಕಡಬದ ಮರದ ಡಿಪೋದಲ್ಲಿ ದಿಮ್ಮಿ ಅಟ್ಟಿ ಹಾಕಿಸುವ ಮೇಸ್ತ್ರಿ. ಅದೇ ಡಿಪೋದಲ್ಲಿ, ದೀಪಾವಳಿ ಕಳೆದ ವಾರ, ಅಟ್ಟಿಯಿಂದ ಉರುಳಿದ ದಿಮ್ಮಿಯ ಅಡಿಗೆ ಸಿಕ್ಕಿ ಅವಳ ಅಣ್ಣ ಬೆಳ್ಯಪ್ಪ ಸತ್ತಿದ್ದ. ಉರುಳಿದ್ದಲ್ಲ, ಉರುಳಿಸಿದ್ದು ಎಂದು ಲೋಲಾಕ್ಷಿ ಅಂದಿನಿಂದ ಹೇಳುತ್ತಲೇ ಇದ್ದಳು. ಊರು ತಲೆಯಾಡಿಸಿ ಸುಮ್ಮನಾಯಿತು. ನಂಬಿದವಳು ಅತ್ತಿಗೆ ನೀಲಾವತಿ ಒಬ್ಬಳೇ.

ಡಾಕ್ಟರು ತಂತಿಯ ಎರಡು ತುದಿಗಳನ್ನು ಇಕ್ಕಳದಲ್ಲಿ ಹಿಡಿದು ತಿರುಚಿದರು. ಮೇಲಿನ ಹಲ್ಲುಸಾಲಿಗೊಂದು, ಕೆಳಗಿನ ಸಾಲಿಗೊಂದು ಲೋಹದ ಪಟ್ಟಿಯನ್ನು ಮೊದಲೇ ಬಿಗಿದಾಗಿತ್ತು. ಒಂದು ವಾರ ಆ ಪಟ್ಟಿಗಳ ನಡುವೆ ರಬ್ಬರಿನ ಉಂಗುರ ಹಾಕಿ, ವಾರೆಯಾಗಿ ಕೂಡಿಕೊಂಡಿದ್ದ ದವಡೆಯನ್ನು ಸ್ವಲ್ಪಸ್ವಲ್ಪವೇ ಎಳೆದು ತಂದಿದ್ದರು. ಇವತ್ತು ಹಲ್ಲಿಗೆ ಹಲ್ಲು ಸರಿಯಾಗಿ ಕೂತಿತ್ತು. ರಬ್ಬರು ತೆಗೆದು ತಂತಿ ಹಾಕುವ ದಿನ. ತಿರುಚಿದ ತುದಿಯನ್ನು ಕತ್ತರಿಸಿ, ತುಟಿಗೆ ಚುಚ್ಚದಂತೆ ಒಳಕ್ಕೆ ಮಡಚಿದರು. ಅಲ್ಲಿಗೆ ಮೇದಪ್ಪನ ಬಾಯಿಗೆ ಬೀಗ ಬಿತ್ತು.

"ಇನ್ನು ಒಂದೂವರೆ ತಿಂಗಳು ಹೀಗೇ," ಎಂದರು ಡಾಕ್ಟರು. "ಗಂಜಿತಿಳಿ, ಹಾಲು, ಎಳನೀರು. ಕಡೇ ಹಲ್ಲಿನ ಹಿಂದೆ ಸಂದು ಉಂಟು. ರಬ್ಬರ್ ನಳಿಗೆ ಇಟ್ಟು ಬಿಟ್ಟರೆ ಒಳಗೆ ಹೋಗ್ತದೆ. ಗೊತ್ತಾಯ್ತಾ?"

ಮೇದಪ್ಪ ಕೈ ಜೋಡಿಸಿದ. ಆ ಕಣ್ಣುಗಳಲ್ಲಿ ನೋವಿತ್ತು, ನೋವಿನ ಹಿಂದೆ ಎಂಥದೋ ನೆಮ್ಮದಿಯೂ ಇತ್ತು. ಆ ನೆಮ್ಮದಿಯನ್ನು ಕಂಡು ಲೋಲಾಕ್ಷಿಯ ಹೊಟ್ಟೆ ಉರಿಯಿತು.

ಅವನನ್ನು ಹಿಂದಿನ ಕೋಣೆಯ ಮಂಚಕ್ಕೆ ಸಾಗಿಸಿದ್ದಾಯಿತು. ಡಾಕ್ಟರು ತಂತಿ ಕತ್ತರಿಸುವ ಕತ್ತರಿಯನ್ನು ತಾವೇ ತಂದು ತಲೆದಿಂಬಿನ ಮೇಲೆ ಗೋಡೆಯಲ್ಲಿದ್ದ ಮೊಳೆಗೆ ತೂಗುಹಾಕಿದರು. ಪ್ರತಿ ಸಲ ಹೇಳುವುದನ್ನು ಈ ಸಲವೂ ಹೇಳಿದರು.

"ಇದು ಈ ಮೊಳೆಯಿಂದ ಅಲುಗಬಾರದು, ಲೋಲಾಕ್ಷಿ. ವಾಂತಿ ಬಂತೋ, ಮಗ್ಗುಲಿಗೆ ತಿರುಗಿಸ್ಬೇಕು, ತಂತಿ ಕತ್ತರಿಸ್ಬೇಕು. ಇಲ್ಲದಿದ್ರೆ ಒಳಗಿಂದ ಬಂದದ್ದು ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. ಮನುಷ್ಯ ತನ್ನ ವಾಂತಿಯಲ್ಲೇ ಉಸಿರುಕಟ್ಟಿ ಸಾಯ್ತಾನೆ."

"ಗೊತ್ತುಂಟು ಡಾಕ್ಟ್ರೆ," ಎಂದಳು ಅವಳು.

ಗೌರೀಶಂಕರರು ಯುದ್ಧಕಾಲದಲ್ಲಿ ಬೊಂಬಾಯಿಯಲ್ಲಿ ಓದಿದವರು. ಮುಖ ಒಡೆದುಕೊಂಡು ಬಂದ ಸಿಪಾಯಿಗಳ ದವಡೆ ಕಟ್ಟಿ ಕಟ್ಟಿ ಪಳಗಿದ ಕೈ ಅದು. ಅಂಥವರು ಈಗ ಪುತ್ತೂರಿನ ದರ್ಬೆಯಲ್ಲಿ ರಸ್ತೆ ಬದಿಯ ಮನೆಯ ಮುಂಭಾಗದಲ್ಲಿ ದವಾಖಾನೆ ಇಟ್ಟುಕೊಂಡು ಊರವರ ಹುಳುಕುಹಲ್ಲು ಕೀಳುತ್ತ ಕೂತಿದ್ದರು. ದವಡೆ ಒಡೆದವನೊಬ್ಬ ಬಂದರೆ ಸಾಕು, ಹಬ್ಬ ಬಂದಷ್ಟು ಸಂತೋಷ. ಕೈ ತೊಳೆಯುವಾಗ ಪಾಠ ಶುರು.

"ಇವ ಬಸ್ಸಿಂದ ಬಿದ್ದೆ ಅಂದದ್ದು ಹಸಿ ಸುಳ್ಳು," ಎಂದರು ಸಾಬೂನು ಉಜ್ಜುತ್ತ.

ಲೋಲಾಕ್ಷಿ ನೀರು ಹೊಯ್ಯುತ್ತಿದ್ದಳು. "ಹೇಗೆ ಗೊತ್ತಾಗ್ತದೆ?"

"ಬಿದ್ದವ ಗದ್ದ ಕೊಟ್ಟು ಬೀಳ್ತಾನೆ. ಗದ್ದದಡಿ ಗಾಯ ಆಗ್ಬೇಕು. ಎರಡೂ ಕಿವಿಯ ಮುಂದಿನ ಕೀಲಿಗೂ ಪೆಟ್ಟಾಗ್ಬೇಕು. ಇವನ ಗದ್ದ ನೋಡಿದೆಯಾ? ಒಂದು ಗೀರಿಲ್ಲ. ಮುರಿದದ್ದು ಬಲಗಡೆ ಹಲ್ಲಿನ ಸಾಲಲ್ಲಿ ಒಂದು ಕಡೆ, ಎಡಗಡೆ ಕೀಲಿನಲ್ಲಿ ಇನ್ನೊಂದು ಕಡೆ. ಬಲಕ್ಕೆ ಬಡಿದರೆ ಎಡದ ಕೀಲು ಹೋಗುದು. ದವಡೆಯ ಲೆಕ್ಕವೇ ಹಾಗೆ."

"ಅಂದ್ರೆ ಯಾರೋ ಹೊಡೆದದ್ದು."

"ಹೊಡೆದದ್ದೇ. ಎದುರು ನಿಂತವ ಬಲಗೈಯಲ್ಲಿ ಹೊಡೆದ್ರೆ ಪೆಟ್ಟು ಇವನ ಎಡಗಡೆಗೆ ಬೀಳ್ಬೇಕಿತ್ತು. ಇದು ಎಡಗೈಯವನ ಪೆಟ್ಟು ಮಾರಾಯ್ತಿ. ಅದೂ ಎಂಥ ಕೈ! ಆಮೇಲೆ ಯಾವನೋ ನಾಟಿ ವೈದ್ಯ ಹೊರಗಿಂದ ಮುಖ ನೋಡಿ ಬಟ್ಟೆ ಸುತ್ತಿದ್ದಾನೆ. ದವಡೆಯನ್ನು ಹೊರಗಿಂದ ನೋಡಿ ಕೂಡಿಸುದಲ್ಲ, ಹಲ್ಲು ನೋಡಿ ಕೂಡಿಸುದು. ಬಂದ ದಿನ ಇವ ಬಾಯಿ ತೆರೆದಾಗ ಗದ್ದ ಎಡಕ್ಕೆ ಜಾರುದು ನೋಡಿದ್ದಿ ಅಲ್ವಾ? ಕೀಲು ಮುರಿದ ಬದಿಗೆ ಜಾರ್ತದೆ. ಹಾಗೇ ಬಿಟ್ಟರೆ ಸಾಯುವವರೆಗೂ ಜಾರ್ತದೆ."

ಚೊಂಬಿನ ನೀರು ಮುಗಿದಿತ್ತು. ಲೋಲಾಕ್ಷಿ ಖಾಲಿ ಚೊಂಬನ್ನೇ ಬಗ್ಗಿಸಿ ಹಿಡಿದಿದ್ದಳು.

ಬೆಳ್ಯಪ್ಪ ಎಡಚ. ಉಣ್ಣುವುದೊಂದು ಬಿಟ್ಟು ಉಳಿದೆಲ್ಲಕ್ಕೂ ಎಡಗೈ. ಚಿಕ್ಕಂದಿನಲ್ಲಿ ಅಪ್ಪ ಎಷ್ಟು ಬಡಿದರೂ ಆ ಕೈ ಬದಲಾಗಲಿಲ್ಲ.

"ಇನ್ನೊಂದು ತಮಾಷೆ ಉಂಟು," ಎಂದರು ಡಾಕ್ಟರು ಕೈ ಒರೆಸಿಕೊಳ್ಳುತ್ತ. "ಕಟ್ಟುದು ಬೇಡ, ಒಂದೆರಡು ಹಲ್ಲು ತಿಕ್ಕಿ ಕೊಡ್ತೇನೆ, ಉಣ್ಲಿಕ್ಕೆ ಅಡ್ಡಿಯಿಲ್ಲ ಅಂತ ಬಂದ ದಿನ ನಾನೇ ಹೇಳಿದ್ದೆ. ಬೇಡವೇ ಬೇಡ, ಕಟ್ಟಿಬಿಡಿ ಅಂದ. ತಂತಿ ಬಿಚ್ಚಿ ಅಂತ ಅಳುವವರನ್ನು ನೋಡಿದ್ದೇನೆ. ಬಾಯಿ ಕಟ್ಟಿ ಅಂತ ಕೈಮುಗಿದವ ಇವನೇ ಮೊದಲು."

ಡಾಕ್ಟರಿಗೆ ತಮಾಷೆ ಅನಿಸಿದ್ದು ಲೋಲಾಕ್ಷಿಗೆ ಅರ್ಥವಾಯಿತು. ಇಷ್ಟು ಹೊತ್ತೂ ಅರ್ಥವಾಗದೆ ಹೋದುದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಬರುವ ಸಂಕ್ರಮಣಕ್ಕೆ ಕಡಬದ ದೈವಸ್ಥಾನದಲ್ಲಿ ಪ್ರಮಾಣ ಇತ್ತು. ಸಾವಾದ ದಿನ ಡಿಪೋದಲ್ಲಿದ್ದವರೆಲ್ಲ ಊರ ಹತ್ತು ಸಮಸ್ತರ ಎದುರು, ದೈವದ ಮುಂದೆ ನಿಂತು, ಬೆಳ್ಯಪ್ಪನ ಸಾವಿನಲ್ಲಿ ತನ್ನ ಕೈ ಇಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಹೀಗೆ ಪ್ರಮಾಣ ಆಗಬೇಕೆಂದು ಕೇಳಿದವಳು ನೀಲಾವತಿ. ಗಂಡ ಸತ್ತವಳು ಕೇಳಿದರೆ ಊರು ಇಲ್ಲ ಎನ್ನುವಂತಿಲ್ಲ.

ಕೂಲಿ ಡೊಂಬಯ್ಯ ಕೇಳುವ ಮೊದಲೇ ಒಪ್ಪಿದ್ದ. ಲಾರಿ ಡ್ರೈವರ್ ಮೂಸಕುಂಞಿಯ ಲಾರಿ ಅವತ್ತು ನೆಟ್ಟಣದಲ್ಲಿ ಕೆಟ್ಟು ನಿಂತದ್ದನ್ನು ಊರೇ ನೋಡಿತ್ತು. ಆದರೂ ಅವನು, "ನಮ್ಮ ಪಳ್ಳಿಯಲ್ಲೂ ಹೇಳ್ತೇನೆ, ನಿಮ್ಮ ದೈವದ ಎದುರೂ ಹೇಳ್ತೇನೆ," ಎಂದಿದ್ದ. ಉಳಿದವನು ಮೇದಪ್ಪ. ಪ್ರಮಾಣದ ದಿನ ಗೊತ್ತಾದ ಮರುದಿನವೇ ಅವನಿಗೆ ದವಡೆಯ ನೆನಪಾಯಿತು. ಪುತ್ತೂರಿನ ಬಸ್ಸು ಹತ್ತಿದ.

ಪೊಲೀಸರ ಎದುರು ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ದೈವದ ಎದುರು ಸುಳ್ಳು ಹೇಳಲಿಕ್ಕೆ ಬೇರೆಯೇ ಎದೆ ಬೇಕು, ಅದು ಮೇದಪ್ಪನಿಗೆ ಇರಲಿಲ್ಲ. ಹೋಗದಿದ್ದರೆ ಕಳ್ಳ ಎನ್ನುತ್ತಾರೆ. ಹೋಗಿ ಬಾಯಿ ತೆರೆಯಲಾಗದೆ ನಿಂತರೆ? ಪಾಪ ಎನ್ನುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಇವನು ದವಡೆಯನ್ನೇ ಮುಟ್ಟಿಕೊಂಡು ಬಂದಿದ್ದ, ಅದೂ ಬೆಳ್ಯಪ್ಪನ ತಂಗಿ ಕೆಲಸ ಮಾಡುವಲ್ಲಿಗೆ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು ಅಲ್ಲೇ ವರ್ಷಗಟ್ಟಲೆ ದುಡಿದ ಲೋಲಾಕ್ಷಿಯ ಮುಖ ಅವನಿಗೆ ಗೊತ್ತೇ ಇರಲಿಲ್ಲ.

ಡಾಕ್ಟರು ಪೇಪರ್ ಓದಲು ಜಗಲಿಗೆ ಹೋದರು. ಲೋಲಾಕ್ಷಿ ಕಪಾಟು ತೆರೆದು ಮೇದಪ್ಪನ ಹಲ್ಲಿನ ಪ್ಲಾಸ್ಟರ್ ಅಚ್ಚನ್ನು ಹೊರತೆಗೆದಳು. ದವಡೆ ಕಟ್ಟುವ ಮೊದಲು ಡಾಕ್ಟರು ಎಲ್ಲರ ಹಲ್ಲಿನ ಅಚ್ಚು ತೆಗೆಯುತ್ತಿದ್ದರು. ಹಲ್ಲು ಎಲ್ಲಿ ಕೂರಬೇಕೆಂದು ಅದರಲ್ಲಿ ಮೊದಲು ನೋಡಿಕೊಂಡೇ ಬಾಯಿಗೆ ಕೈ ಹಾಕುವುದು. ಬಲಬದಿಯ ಮೇಲಿನ ಕೋರೆಹಲ್ಲಿನ ತುದಿ ಚಕ್ಕೆ ಹಾರಿತ್ತು. ಅವಳದನ್ನು ಈ ಮೊದಲೂ ನೋಡಿದ್ದಳು. ಹಲ್ಲು ಒಡೆದವರು ಎಷ್ಟೋ ಜನ ಬರುತ್ತಾರೆ ಎಂದು ಬಿಟ್ಟಿದ್ದಳು.

ಸೊಂಟದ ಚೀಲದಿಂದ ಕುಂಕುಮದ ಕರಡಿಗೆ ತೆಗೆದಳು. ಒಳಗೆ ಹತ್ತಿಯಲ್ಲಿ ಸುತ್ತಿಟ್ಟದ್ದು ಅಕ್ಕಿನುಚ್ಚಿನಷ್ಟು ದೊಡ್ಡ ಬಿಳಿ ಚೂರು.

ಅಣ್ಣನ ಹೆಣ ಮನೆಗೆ ಬಂದ ದಿನ ಅವಳು ಆ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಿದ್ದಳು. ಬೆರಳಗಂಟಿನ ಮೇಲೆ ಬಾತುಕೊಂಡ ಗಾಯ ಕೈಗೆ ಸಿಕ್ಕಿತು. ಒಳಗೆ ಎಂಥದೋ ಗಟ್ಟಿ. ಸೂಜಿಯಿಂದ ಬಿಡಿಸಿದಾಗ ಬಂದದ್ದು ಇದು. ದಿಮ್ಮಿಗೆ ಹಲ್ಲು ಇರುವುದಿಲ್ಲ. ಅವಳ ಸಂಶಯವೆಲ್ಲ ಹುಟ್ಟಿದ್ದು ಅಲ್ಲಿಂದ.

ಚಿಮಟದಲ್ಲಿ ಚೂರನ್ನು ಎತ್ತಿ ಅಚ್ಚಿನ ಕೋರೆಹಲ್ಲಿಗೆ ಹಿಡಿದಳು. ಒಂದು ಸಲ ತಿರುಗಿಸಿದಳು. ಕೂತಿತು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು.

ಅವಳು ಅಳಲಿಲ್ಲ. ಎಷ್ಟೋ ದಿನಗಳ ನಂತರ ಎದೆ ಹಗುರಾಯಿತು. ಸಿಕ್ಕಿದ, ಸಿಕ್ಕಿದ ಎಂದು ಮನಸ್ಸು ಕುಣಿಯಿತು.

"ಲೋಲಾಕ್ಷೀ," ಎಂದು ಜಗಲಿಯಿಂದ ಕೂಗು.

ನೀಲಾವತಿ ಬಂದಿದ್ದಳು. ಬಿಳಿ ಸೀರೆ, ಬಾಯಿಗೆ ಅಡ್ಡ ಹಿಡಿದ ಸೆರಗು, ಮಡಿಲಲ್ಲಿ ಬಾಳೆಲೆ ಮುಚ್ಚಿದ ಹಿತ್ತಾಳೆ ಚೊಂಬು. ಸೆರಗು ಹಿಡಿಯುವುದು ಅವಳಿಗೆ ಗಂಡ ಸತ್ತ ಮೇಲೆ ಬಂದ ಅಭ್ಯಾಸವಲ್ಲ. ಮದುವೆಯಾದ ವರ್ಷದಿಂದಲೂ ಮಾತಾಡುವಾಗ, ನಗುವಾಗ, ಉಣ್ಣುವಾಗ ಕೂಡ ಸೆರಗು ಮುಖಕ್ಕೆ ಬರುತ್ತಿತ್ತು. ಎಂಥ ಮರ್ಯಾದೆಸ್ತೆ ಎಂದು ನೆಂಟರು ಹೊಗಳುತ್ತಿದ್ದರು.

ಡಾಕ್ಟರು ಪೇಪರಿನ ಮೇಲಿಂದ ಅವಳನ್ನೇ ನೋಡುತ್ತಿದ್ದರು. "ಅಮ್ಮ, ಒಮ್ಮೆ ಬಾಯಿ ತೆರೀರಿ, ನೋಡುವ," ಎಂದರು.

"ನನಗೆ ಹಲ್ಲುನೋವು ಇಲ್ಲ ಡಾಕ್ಟ್ರೆ." ಸೆರಗು ಇನ್ನಷ್ಟು ಬಿಗಿಯಾಯಿತು.

ಡಾಕ್ಟರು ಎದ್ದು ಚಪ್ಪಲಿ ಮೆಟ್ಟಿದರು. ಮಧ್ಯಾಹ್ನದ ಊಟ ಅವರಿಗೆ ಹಿಂದಿನ ಬೀದಿಯ ತಾಯಿಮನೆಯಲ್ಲಿ. "ಹಲ್ಲಲ್ಲ, ಕೀಲು ನೋಡ್ಬೇಕಿತ್ತು," ಎಂದು ಲೋಲಾಕ್ಷಿಗಷ್ಟೇ ಕೇಳುವಂತೆ ಗೊಣಗಿ ಮೆಟ್ಟಿಲು ಇಳಿದರು. ಲೋಲಾಕ್ಷಿಯ ಮನಸ್ಸು ಅದನ್ನು ಹಿಡಿದಿಟ್ಟುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

"ಅವ ಇಲ್ಲಿ ಇದ್ದಾನಂತೆ ಹೌದಾ?" ಎಂದಳು ನೀಲಾವತಿ. "ಬಾಯಿ ಕಟ್ಟಿದ್ದಾರಂತೆ. ಪ್ರಮಾಣಕ್ಕೆ ಬಂದ್ರೂ ಮಾತಾಡ್ಲಿಕ್ಕೆ ಆಗುದಿಲ್ಲ ಅಂತ ಊರಲ್ಲಿ ಹೇಳ್ತಿದ್ದಾರೆ."

"ಆಗ್ತದೆ ಅತ್ತಿಗೆ."

"ಎಂತ?"

"ಹಲ್ಲು ಮಾತ್ರ ಕಟ್ಟಿದ್ದು. ನಾಲಿಗೆ ಉಂಟು, ತುಟಿ ಉಂಟು. ಹಲ್ಲು ಕಚ್ಚಿಕೊಂಡೇ ಮಾತಾಡ್ಲಿಕ್ಕೆ ಆಗ್ತದೆ. ಸ್ವಲ್ಪ ತೊದಲ್ತದೆ, ಅಷ್ಟೆ. ಅದು ಅವನಿಗೂ ಗೊತ್ತುಂಟು. ಬೇಕಂತಲೇ ಕೈಸನ್ನೆ ಮಾಡಿಕೊಂಡು ಬಿದ್ದಿದ್ದಾನೆ." ಲೋಲಾಕ್ಷಿ ಕರಡಿಗೆ ತೋರಿಸಿದಳು. "ಇದು ಅವನ ಹಲ್ಲೇ. ಈಗ ನೋಡಿದೆ. ಅಣ್ಣನನ್ನು ಕೊಂದವ ಅವನೇ. ಒಬ್ಬನೇ ಅಷ್ಟು ದೊಡ್ಡ ಅಟ್ಟಿ ಉರುಳದ ಹಾಗೆ ಕೊಟ್ಟ ಬೆಣೆಯನ್ನೂ ಹಾರಿಸಿ, ಅಣ್ಣನನ್ನೂ ನೂಕ್ಲಿಕ್ಕೆ ಆಗುದಿಲ್ಲ. ಇನ್ನೊಬ್ಬ ಇದ್ದ. ಇವತ್ತು ಅವನ ಹೆಸರು ಕಕ್ಕಿಸ್ತೇನೆ."

ನೀಲಾವತಿ ಬಂದಾಗಿನಿಂದ ಕೆಳಗಿಡದೆ ಮಡಿಲಲ್ಲೇ ಹಿಡಿದುಕೊಂಡಿದ್ದ ಚೊಂಬನ್ನು ಈಗ ಮುಂದೆ ಚಾಚಿದಳು.

"ಎಳನೀರು. ನಿನಗೆ ಅಂತ ತಂದದ್ದು. ಅವನಿಗೇ ಕುಡಿಸು."

"ಅವನಿಗಾ?"

"ಸಂಕ್ರಮಣದವರೆಗೆ ಅವ ಬದುಕಿರ್ಬೇಕು ಮಾರಾಯ್ತಿ. ಆಮೇಲೆ ದೈವ ನೋಡಿಕೊಳ್ತದೆ."

ಅತ್ತಿಗೆಯ ಛಲ ನೋಡಿ ಲೋಲಾಕ್ಷಿಗೆ ಹೆಮ್ಮೆಯಾಯಿತು. ಇಂಥ ಹೆಂಡತಿ ಇದ್ದಳಲ್ಲ ಅಣ್ಣನಿಗೆ ಎಂದುಕೊಂಡಳು. ನೀಲಾವತಿ ಹಿಂದಿನ ಕೋಣೆಯ ಬಾಗಿಲವರೆಗೆ ಬಂದು, ಒಳಗೆ ಕಾಲಿಡದೆ, ಗೋಡೆಗೆ ಮುಖ ಮಾಡಿ ಮಲಗಿದ್ದವನನ್ನು ನೋಡಿದಳು. ಮೊಳೆಯ ಕಡೆಗೂ ನೋಡಿದಳು.

"ಅದೆಂತದು ತೂಗುಹಾಕಿದ್ದು?"

ಲೋಲಾಕ್ಷಿ ಹೇಳಿದಳು. ವಾಂತಿ, ತಂತಿ, ಕತ್ತರಿ, ಡಾಕ್ಟರ ಎಚ್ಚರಿಕೆ, ಎಲ್ಲ.

"ಹೌದಾ," ಎಂದಳು ನೀಲಾವತಿ. ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಲೋಲಾಕ್ಷಿ ನಳಿಗೆ ಇಟ್ಟು ಎಳನೀರು ಕುಡಿಸಿದಳು. ಮೊದಲ ಗುಟುಕಿಗೇ ಮೇದಪ್ಪ ಮುಖ ಸಿಂಡರಿಸಿ ಸಾಕು ಎಂದು ಕೈಯಾಡಿಸಿದ. ಕೊಲೆ ಮಾಡಲಿಕ್ಕೆ ಆದವನಿಗೆ ಎಳನೀರು ಕುಡಿಯಲಿಕ್ಕೆ ಸೊಕ್ಕು ಎಂದು ಅವಳು ಚೊಂಬು ಖಾಲಿಯಾಗುವವರೆಗೆ ಬಿಡಲಿಲ್ಲ. ಆಮೇಲೆ ಸ್ಟೂಲು ಎಳೆದು ಮಂಚದ ಪಕ್ಕ ಕೂತಳು. ಕೈ ಚಾಚಿ ಮೊಳೆಯಿಂದ ಕತ್ತರಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಮೇದಪ್ಪನ ಕಣ್ಣು ಅವಳ ಕೈಯನ್ನೇ ಹಿಂಬಾಲಿಸಿತು.

"ಮೇಸ್ತ್ರಿಗಳೇ, ಒಳ್ಳೆ ಸುದ್ದಿ ಉಂಟು," ಎಂದಳು ಲೋಲಾಕ್ಷಿ. "ಸಂಕ್ರಮಣಕ್ಕೆ ಡಾಕ್ಟ್ರನ್ನೂ ಕಡಬಕ್ಕೆ ಕರ್ಕೊಂಡು ಹೋಗ್ತೇನೆ. ಬಾಯಿ ಕಟ್ಟಿದವನಿಗೆ ಮಾತಾಡ್ಲಿಕ್ಕೆ ಆಗ್ತದೆ ಅಂತ ಹತ್ತು ಸಮಸ್ತರ ಎದುರು ಅವರೇ ಹೇಳ್ತಾರೆ. ನೀವು ಮಾತಾಡಿದ್ರೆ ಆಯ್ತು."

ಮೇದಪ್ಪ ಗಂಟಲು ಮುಟ್ಟಿಕೊಂಡು ತಲೆಯಾಡಿಸಿದ. ಆಗುವುದಿಲ್ಲ ಎಂಬ ಸನ್ನೆ.

ಅವಳು ಪ್ಲಾಸ್ಟರ್ ಅಚ್ಚನ್ನು ಅವನ ಎದೆಯ ಮೇಲಿಟ್ಟಳು. ಕರಡಿಗೆಯ ಚೂರನ್ನು ಕೋರೆಹಲ್ಲಿಗೆ ಕೂರಿಸಿದಳು. ಪೇಟೆಯ ಕನ್ನಡ ಬಿಟ್ಟು, ಮನೆಯಲ್ಲಿ ಆಡುವ ಅರೆಭಾಷೆಗೆ ಇಳಿದು, "ನಂಗೆ ಗೊತ್ತುಟ್ಟು," ಎಂದಳು.

ಅವನು ಬೆಚ್ಚಿ ಬಿದ್ದ. ತನ್ನ ಭಾಷೆಯ ಮಾತು ಈ ಬಿಳಿ ಅಂಗಿಯವಳ ಬಾಯಲ್ಲಿ ಬರುತ್ತದೆಂದು ಅವನು ಎಣಿಸಿರಲಿಲ್ಲ.

"ಇದು ಸಿಕ್ಕಿದ್ದು ಬೆಳ್ಯಪ್ಪನ ಎಡಗೈಯಲ್ಲಿ. ನಾನು ಅವನ ತಂಗಿ. ನಿಮ್ಮ ಕೀಲು ಮುರಿದ ಪೆಟ್ಟು ಎಡಗೈಯದ್ದು ಅಂತ ಡಾಕ್ಟ್ರು ಹೇಳಿಯಾಗಿದೆ. ಹಲ್ಲೂ ಹೇಳಿಯಾಗಿದೆ. ಇನ್ನು ನೀವು ಹೇಳುದೊಂದೇ ಬಾಕಿ. ಇಲ್ಲಿ ಹೇಳುದಾ, ದೈವದ ಎದುರು ಹೇಳುದಾ?"

"ಬೇಡ," ಎಂದ ಮೇದಪ್ಪ.

ಕಚ್ಚಿದ ಹಲ್ಲಿನ ಹಿಂದಿನಿಂದ ಬಂದ ಮಾತು. ಒಂದು ವಾರದಿಂದ ಮೂಕನಂತೆ ಬಿದ್ದಿದ್ದವನ ಮೊದಲ ಮಾತು. ಲೋಲಾಕ್ಷಿ ನಕ್ಕಳು.

"ದೈವದ ಎದುರು ಬೇಡ ನರ್ಸಮ್ಮ. ನನಗೆ ಮಕ್ಕಳಿದ್ದಾರೆ."

"ಅಣ್ಣನಿಗೂ ಹೆಂಡತಿ ಇದ್ದಳು. ಅವನನ್ನು ಕೊಲ್ಲುವಾಗ ಅದು ನೆನಪಾಗ್ಲಿಲ್ವಾ?"

"ಅವನೇ ಮೊದಲು ಹೊಡೆದ. ನಾನು ನೂಕಿದೆ. ಅಟ್ಟಿಯ ಬುಡಕ್ಕೆ ಬಿದ್ದ. ನೂಕಿದ್ದು ಮಾತ್ರ ನಾನು." ತುಟಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಹಣೆಯಲ್ಲಿ ಬೆವರು. "ಬೆಣೆ ಹಾರಿಸಿದ್ದು ನಾನಲ್ಲ. ನೂಕುವ ಅಂತ ಮಾತಾಗಿತ್ತು, ಹೆದರಿಸುವ ಅಂತ. ಸಾಯಿಸುವ ಮಾತು ಇರ್ಲಿಲ್ಲ."

"ಯಾರೊಟ್ಟಿಗೆ ಮಾತಾದದ್ದು?"

ಮೇದಪ್ಪ ಹೊಟ್ಟೆ ಹಿಡಿದುಕೊಂಡ. ಬಣ್ಣ ಬದಲಾಯಿಸಿದ ಮುಖವನ್ನು ಎತ್ತಿ, ಮಂಚದಡಿ ಉರುಳಿದ್ದ ಖಾಲಿ ಚೊಂಬನ್ನು ನೋಡಿದ.

"ಆ ಎಳನೀರು," ಎಂದ. "ಕಹಿ ಇತ್ತು. ಯಾರು ಕೊಟ್ಟದ್ದು?"

"ನನ್ನ ಅತ್ತಿಗೆ. ಬೆಳ್ಯಪ್ಪನ ಹೆಂಡತಿ."

ಆ ಮಾತು ಕೇಳಿದ್ದೇ ತಡ, ಮೇದಪ್ಪ ಎದ್ದು ಕೂರಲು ನೋಡಿದ. ಎರಡು ಕೈಯಿಂದಲೂ ತಂತಿಯನ್ನು ಹಿಡಿದು ಜಗ್ಗಿದ. ಅಷ್ಟರಲ್ಲಿ ಹೊಟ್ಟೆ ತೊಳಸಿ ಬಂತು.

ಹಲ್ಲಿನ ಸಂದಿಯಿಂದ ಒಂದಿಷ್ಟು ನೀರು ಚಿಮ್ಮಿತು. ಉಳಿದದ್ದಕ್ಕೆ ದಾರಿಯಿರಲಿಲ್ಲ. ಮೂಗಿನಲ್ಲಿ ಇಳಿಯಿತು, ಗಂಟಲಿಗೆ ತಿರುಗಿತು. ಅವನು ಕೆಮ್ಮಲು ನೋಡಿದ, ಕೆಮ್ಮು ಹೊರಬರಲಿಲ್ಲ. ಕಣ್ಣು ಮೊಳೆಯ ಕಡೆ ಓಡಿತು. ಮೊಳೆ ಖಾಲಿ.

ಲೋಲಾಕ್ಷಿ ಕತ್ತರಿಯನ್ನು ಎತ್ತಿ ತೋರಿಸಿದಳು.

"ಇದಾ ಬೇಕಾದ್ದು?"

ಅವನು ಕೈ ಚಾಚಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಸುಖವಾಯಿತು. ದಿಮ್ಮಿಯ ಅಡಿಯಲ್ಲಿ ಅಣ್ಣನೂ ಹೀಗೆಯೇ ಉಸಿರಿಗೆ ಒದ್ದಾಡಿರಬೇಕು. ಅವನೂ ಯಾರದೋ ಕಾಲಿಗೆ ಕೈ ಚಾಚಿರಬೇಕು. ಒದ್ದಾಡು, ಇನ್ನಷ್ಟು ಒದ್ದಾಡು ಎಂದು ಅವಳ ಮೈಯ ಒಂದೊಂದು ನರವೂ ಹೇಳಿತು. ಅವಳು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಊಟ ಮುಗಿಸಿ ಬಂದ ಡಾಕ್ಟರಿಗೆ, ಬಟ್ಟೆ ಒಗೆಯಲು ಬಾವಿಕಟ್ಟೆಗೆ ಹೋಗಿದ್ದೆ ಎಂದರೆ ಮುಗಿಯಿತು.

ಮೇದಪ್ಪನ ತುಟಿ ನೀಲಿಯಾಯಿತು. ಕಾಲು ಮಂಚದ ಹಲಗೆಗೆ ಬಡಿಯಿತು.

ಇವನು ಸತ್ತರೆ ಇನ್ನೊಬ್ಬ ಬದುಕಿದ.

ಆ ಯೋಚನೆ ಎಲ್ಲಿಂದ ಬಂತೋ, ಬಂದದ್ದೇ ಅವಳ ಸುಖಕ್ಕೆ ಕಲ್ಲು ಹಾಕಿತು. ಬೆಣೆ ಹಾರಿಸಿದ ಕೈ ಯಾವುದೆಂದು ಗೊತ್ತಿರುವ ಬಾಯಿ ಲೋಕದಲ್ಲಿ ಇದೊಂದೇ. ಇದು ಮುಚ್ಚಿದರೆ ಆ ಕೈ ನಾಳೆಯೂ ಅನ್ನ ಕಲಸುತ್ತದೆ, ದೈವಕ್ಕೆ ಕೈಮುಗಿಯುತ್ತದೆ. ಲೋಲಾಕ್ಷಿ ಮುಂದಕ್ಕೆ ಹಾರಿ ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಕನಿಕರದಿಂದಲ್ಲ. ತುಟಿ ಬಿಡಿಸಿ ಎಡದ ತಂತಿಗೆ ಕತ್ತರಿ ಹಾಕಿದಳು, ಮುಂದಿನದಕ್ಕೆ, ಬಲದ್ದಕ್ಕೆ. ಕೊನೆಯದು ಜಿಗುಟಾಗಿತ್ತು. ಮಂಡಿಯಿಂದ ಅವನ ಭುಜ ಒತ್ತಿ ಹಿಡಿದು ಕತ್ತರಿಸಿದಳು.

ಬಾಯಿ ತೆರೆಯಿತು. ಎಳನೀರೂ ಪಿತ್ತವೂ ನೆಲಕ್ಕೆ ಸುರಿದವು. ಆ ನೀರಿನಲ್ಲಿ ಕಂದುಬಣ್ಣದ ನಾರಿನಂಥ ತುಣುಕುಗಳಿದ್ದವು. ಅವಳಿಗೆ ಅದರ ಗುರುತು ಹತ್ತಿತು. ವಾಂತಿ ಮಾಡಿಸಲು ಹಳ್ಳಿಯ ವೈದ್ಯರು ಅರೆದು ಕೊಡುವ ಕಾರೆಕಾಯಿ. ವಿಷ ತಿಂದವರಿಗೆ ಕೊಟ್ಟರೆ ಜೀವ ಉಳಿಸುವ ಮದ್ದು, ಬಾಯಿ ಕಟ್ಟಿದವನಿಗೆ ಕೊಟ್ಟರೆ ಜೀವ ತೆಗೆಯುವ ಮದ್ದು. ಅದನ್ನು ಅವನಿಗೆ ಗುಟುಕು ಗುಟುಕಾಗಿ ಕುಡಿಸಿದ್ದು ಅವಳದೇ ಕೈ.

ಅತ್ತಿಗೆಯೂ ಸೇಡು ತೀರಿಸಲಿಕ್ಕೇ ಬಂದದ್ದು ಎಂದುಕೊಂಡಳು ಲೋಲಾಕ್ಷಿ. ನನಗೆ ಹೇಳದೆ. ನನ್ನ ಕೈಯಿಂದಲೇ.

ಮೇದಪ್ಪ ಉಸಿರು ಎಳೆದುಕೊಂಡ. ಒಂದು ವಾರ ಹಿಡಿದು ಕೂರಿಸಿದ ದವಡೆ ಮತ್ತೆ ಸಡಿಲವಾಗಿ ಜೋತಿತ್ತು. ಅವಳು ಅವನ ಅಂಗಿಯ ಕತ್ತು ಹಿಡಿದಳು.

"ಹೇಳು. ಬೆಣೆ ಹಾರಿಸಿದ್ದು ಯಾರು?"

"ಪ್ರಮಾಣ," ಎಂದ ಅವನು. ಮತ್ತೆ ಕೆಮ್ಮಿದ. "ಪ್ರಮಾಣ ಕೇಳಿದವರು ಪ್ರಮಾಣ ಮಾಡ್ಲಿಕ್ಕಿಲ್ಲ, ಅಲ್ವಾ ನರ್ಸಮ್ಮ? ಹಾಗೆ ಅಲ್ವಾ ನಮ್ಮಲ್ಲಿ?"

"ಅದಕ್ಕೆ?"

"ಕೇಳಿದವಳನ್ನು ಮೊದಲು ನಿಲ್ಲಿಸಿ. ದೈವದ ಎದುರು. ಅವಳನ್ನು."

ಲೋಲಾಕ್ಷಿಯ ಕೈ ಅವನ ಅಂಗಿಯ ಮೇಲೆಯೇ ಉಳಿಯಿತು. ಅವಳು ಆ ಮಾತನ್ನು ನಂಬಲಿಲ್ಲ. ಸಾಯಲಿಕ್ಕೆ ಹೊರಟವನು ತನ್ನನ್ನು ಕೊಲ್ಲಲು ಬಂದವಳ ಮೇಲೆ ಸುಳ್ಳು ಹೇರುತ್ತಿದ್ದಾನೆ ಎಂದೇ ಅಂದುಕೊಂಡಳು. ಗಂಡನ ಹೆಣದ ಮೇಲೆ ಬಿದ್ದು ಹೊರಳಿದವಳು ಅತ್ತಿಗೆ. ಊರೇ ಕೈಬಿಟ್ಟಾಗ ಜೊತೆಗೆ ನಿಂತವಳು.

ಜಗಲಿಯಲ್ಲಿ ಹೆಜ್ಜೆ ಕೇಳಿಸಿತು. ಮೇದಪ್ಪ ಎರಡು ಕೈಯಿಂದಲೂ ದವಡೆ ಹಿಡಿದುಕೊಂಡು ಗೋಡೆಗೆ ಅಂಟಿದ.

"ಮುಗೀತಾ?" ಎಂದಳು ನೀಲಾವತಿ ಬಾಗಿಲಲ್ಲಿ ನಿಂತು.

"ಅತ್ತಿಗೆ, ನೀವು ಬಸ್ಸಿಗೆ..."

"ಚೊಂಬು ಬಿಟ್ಟುಹೋಗಿತ್ತು." ನೀಲಾವತಿ ಒಳಗೆ ಬಂದಳು. ನೆಲದ ವಾಂತಿ ನೋಡಿದಳು, ತುಂಡಾದ ತಂತಿ ನೋಡಿದಳು, ಬದುಕಿರುವ ಮೇದಪ್ಪನನ್ನು ನೋಡಿದಳು. ಕೊನೆಗೆ ನಾದಿನಿಯ ಕೈಯಲ್ಲಿದ್ದ ಕತ್ತರಿ ನೋಡಿದಳು.

"ನೀನು ಇವನನ್ನು ಉಳಿಸ್ತಿ ಅಂತ ನಾನು ಎಣಿಸಿರ್ಲಿಲ್ಲ," ಎಂದಳು. "ಅಣ್ಣ ಅಣ್ಣ ಅಂತ ಅಷ್ಟು ಅತ್ತವಳು, ಕತ್ತರಿ ಹಿಡಿದುಕೊಂಡು ನೋಡ್ತಾ ನಿಲ್ತಿ ಅಂತಲೇ ನಂಬಿದ್ದೆ."

ಹಾಗೆಂದವಳಿಗೆ ನಗು ಬಂತು. ಅದು ಬೇಗ ನಿಲ್ಲುವ ನಗುವಾಗಿರಲಿಲ್ಲ. ಸೆರಗು ಕೈಯಿಂದ ಜಾರಿ ಹೆಗಲಿಗೆ ಬಿತ್ತು, ಅದನ್ನು ಎತ್ತಿಕೊಳ್ಳುವುದೂ ಅವಳಿಗೆ ಮರೆತುಹೋಯಿತು.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಲೋಲಾಕ್ಷಿ ಅತ್ತಿಗೆಯ ತೆರೆದ ಬಾಯಿಯನ್ನು ಕಂಡಳು. ಬಾಯಿ ತೆರೆಯುತ್ತಿದ್ದಂತೆ ಗದ್ದ ನೇರಕ್ಕೆ ಇಳಿಯಲಿಲ್ಲ. ಎಡಕ್ಕೆ ಜಾರಿತು. ಮೇದಪ್ಪ ಬಂದ ದಿನ ಅವನ ಗದ್ದ ಜಾರಿದ ಹಾಗೆಯೇ, ಅದೇ ಬದಿಗೆ.

ಬಲಕ್ಕೆ ಬಡಿದರೆ ಎಡದ ಕೀಲು ಹೋಗುದು.

ಮಡಿಲಲ್ಲಿಟ್ಟುಕೊಂಡು ಅತ್ತಿದ್ದ ಆ ಕೈ, ಬೆರಳಗಂಟಿನ ಮೇಲೆ ಗಾಯವಾಗಿದ್ದ ಅಣ್ಣನ ಆ ಎಡಗೈ ಲೋಲಾಕ್ಷಿಯ ಕಣ್ಣಿಗೆ ಕಟ್ಟಿತು.

"ನೋಡಿದೆಯಾ?" ಎಂದಳು ನೀಲಾವತಿ. ನಗು ನಿಂತಿತ್ತು. "ಮದುವೆಯಾದ ವರ್ಷ. ಸಾರಿಗೆ ಉಪ್ಪು ಹೆಚ್ಚಾಯಿತು ಅಂತ. ನನಗೆ ತಂತಿ ಕಟ್ಲಿಕ್ಕೆ ಯಾವ ಡಾಕ್ಟ್ರ ಹತ್ರವೂ ಯಾರೂ ಕರ್ಕೊಂಡು ಹೋಗ್ಲಿಲ್ಲ. ಅವತ್ತು ಡಿಪೋದಲ್ಲಿ ನಾನು ಬೆಣೆಗೆ ಬಡಿದದ್ದು ಅದೇ ಲೆಕ್ಕಕ್ಕೆ."

ಅವಳು ಹಿಂದೆ ತಿರುಗಿ ಬಾಗಿಲು ಎಳೆದು ಅಗುಳಿ ಹಾಕಿದಳು. ಮತ್ತೆ ಸೆರಗನ್ನು ಬಾಯಿಗೆ ತರಲಿಲ್ಲ.

"ಆ ಕತ್ತರಿ ಇತ್ತ ಕೊಡು ಲೋಲಾಕ್ಷಿ."